ದೋಟಿ ಹಿಡಿಯುವ ಹೆಗಲಿಗೆ ಕಪ್ಪಿಂಗ್: ಶಿರಸಿಯ ಒಬ್ಬ ಕೊನೆಗೌಡರ ಪ್ರಕರಣ

ಇವರಿಗೆ 41 ವರ್ಷ. ಶಿರಸಿ ಪೇಟೆಯಿಂದ ಸ್ವಲ್ಪ ದೂರದ ಹಳ್ಳಿಯವರು. ಚಳಿಗಾಲದಲ್ಲಿ ಅಡಿಕೆ ಕೊನೆ, ಅಂದರೆ ಗೊಂಚಲು ಕೊಯ್ಯುವುದು, ಮಳೆಗಾಲದಲ್ಲಿ ಅಡಿಕೆ ಕೊಳೆಯದ ಹಾಗೆ ಕೊಳೆ ಮದ್ದು ಹೊಡೆಯುವುದು ಇವರ ಕಸುಬು. ಈ ಕೆಲಸದವರಿಗೆ ಇಲ್ಲಿ ಕೊನೆಗೌಡರು ಅಂತಾರೆ. ಮೀಸೆ ಚಿಗುರುವ ವಯಸ್ಸಿನಿಂದ ಮರ ಹತ್ತಿದವರು. ಈಚೆಗೆ ಮರ ಹತ್ತುವುದು ಕಡಿಮೆ, ನೆಲದಲ್ಲೇ ನಿಂತು ಕೊಯ್ಯುವ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿಯ ಕೆಲಸವೇ ಜಾಸ್ತಿ. ಹೆಸರು ಬರೆಯುವುದಿಲ್ಲ, ಗೌಡರು ಅಂತಲೇ ಕರೆಯುತ್ತೇನೆ. ಬರೆಯಲು ಅವರ ಒಪ್ಪಿಗೆ ಇದೆ. ನಾನು ಇಲ್ಲಿ ಫಿಸಿಯೋಥೆರಪಿಸ್ಟ್. ಕಪ್ಪಿಂಗ್, ಅಂದರೆ ಮೈ ಮೇಲೆ ಕಪ್ ಇಟ್ಟು ಒಳಗಿನ ಗಾಳಿ ಎಳೆದು ಚರ್ಮವನ್ನು ಮೇಲೆತ್ತುವ ಚಿಕಿತ್ಸೆ, ನನ್ನ ಕೆಲಸದ ಒಂದು ಸಣ್ಣ ಭಾಗ ಅಷ್ಟೇ. ಆದರೆ ಈಗ ಬಾಗಿಲು ದಾಟಿ ಒಳಗೆ ಬರುವವರಲ್ಲಿ ಬಹಳ ಜನ ಅದನ್ನೇ ಕೇಳಿಕೊಂಡು ಬರುತ್ತಾರೆ. ಅದು ಎಷ್ಟು ಮಾಡುತ್ತದೆ, ಎಲ್ಲಿಗೆ ನಿಲ್ಲುತ್ತದೆ ಅನ್ನುವುದು ಗೌಡರ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಬಂದದ್ದು ಡಿಸೆಂಬರ್‌ನಲ್ಲಿ, ಕೊಯ್ಲಿನ ಭರಾಟೆಯಲ್ಲಿ. ಬಲಗಡೆ ಕುತ್ತಿಗೆಯ ಬುಡದಿಂದ ಹೆಗಲಿನವರೆಗೆ ನೋವು. ಬೆಳಿಗ್ಗೆ ಎದ್ದರೆ ಕತ್ತು ತಿರುಗುವುದಿಲ್ಲ. ಬೈಕಿನಲ್ಲಿ ಹಿಂದೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು.

"ಡಾಕ್ಟ್ರೆ, ಮೇಲೆ ನೋಡಿದ್ರೆ ಕುತ್ತಿಗೆ ಹಿಡ್ಕಂತದೆ. ದೋಟಿ ಎತ್ತೂಕೇ ಆಗೂದಿಲ್ಲ. ಬೆನ್ನಿಗೆ ಕಪ್ ಹಾಕ್ತಾರಂತಲ್ಲ, ಅದನ್ನ ಹಾಕ್ಬಿಡಿ. ನಾಡಿದ್ದು ದೊಡ್ಡ ತೋಟ ಒಪ್ಕಂಡಾಗದೆ."

ಮೊಬೈಲಿನಲ್ಲಿ ಯಾರೋ ಪೈಲ್ವಾನರ ಬೆನ್ನಿಗೆ ಕಪ್ ಹಾಕುವ ವಿಡಿಯೋ ನೋಡಿದ್ದರು. ಜೊತೆಗೆ ಮೂರು ವಾರದಿಂದ ದಿನಕ್ಕೆರಡು ನೋವಿನ ಮಾತ್ರೆ ನುಂಗುತ್ತಿದ್ದರು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಡೈಕ್ಲೋಫೆನಾಕ್. ಚೀಟಿ ಇಲ್ಲ, ಹೊಟ್ಟೆ ಉರಿ ಬೇರೆ ಶುರುವಾಗಿತ್ತು. ಇದು ನಮ್ಮ ಕಡೆ ಎಷ್ಟು ಸಾಮಾನ್ಯ ಅಂದರೆ ಯಾರೂ ಇದನ್ನು ಔಷಧಿ ಅಂತ ಲೆಕ್ಕಕ್ಕೇ ತರುವುದಿಲ್ಲ. "ಏನಾದ್ರೂ ಮಾತ್ರೆ ತಗೊಳ್ತೀರಾ" ಅಂದರೆ ಇಲ್ಲ ಅಂತಾರೆ. "ನೋವಿಗೆ?" ಅಂತ ಬಿಡಿಸಿ ಕೇಳಬೇಕು. ಮೊದಲು ಆ ಮಾತ್ರೆಯನ್ನು ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ ಹೊಟ್ಟೆಗೆ ತೋರಿಸಿಕೊಳ್ಳಿ ಅಂತ ಕಳಿಸಿದೆ. ಅವರು ಹೋಗಿ ಬಂದರು.

ದೋಟಿ ಹಿಡಿಯದವರಿಗೆ ಈ ನೋವು ಅಂದಾಜಾಗುವುದು ಕಷ್ಟ. ಹಳೆಯ ಅಡಿಕೆ ಮರ ಐವತ್ತು ಅರವತ್ತು ಅಡಿ ಎತ್ತರ ಇರುತ್ತದೆ. ದೋಟಿಯ ಕೊಳವೆಗಳನ್ನು ಒಂದರೊಳಗಿಂದ ಒಂದು ಎಳೆದು, ಬಿಗಿ ಮಾಡಿ, ತುದಿಯ ಕತ್ತಿಯನ್ನು ಕೊನೆಯ ಬುಡಕ್ಕೆ ಸಿಕ್ಕಿಸಬೇಕು. ಕೈಯಲ್ಲಿ ಹಿಡಿದಾಗ ಹಗುರ ಅನಿಸುವ ಕೋಲು ಪೂರ್ತಿ ಎದ್ದು ನಿಂತ ಮೇಲೆ ಬಾಗುತ್ತದೆ, ಗಾಳಿಗೆ ಓಲಾಡುತ್ತದೆ. ಆ ಓಲಾಟವನ್ನು ತಡೆಯುವುದು ಎರಡು ಕೈ, ಹೆಗಲು ಮತ್ತು ಭುಜದ ಹಲಗೆ. ಕಣ್ಣು ಮಾತ್ರ ಮೇಲೆಯೇ. ಕತ್ತು ಹಿಂದಕ್ಕೆ ಬಾಗಿಸಿಕೊಂಡು, ಎಲೆ ಸಂದಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಕೊನೆ ಬೀಳುವವರೆಗೂ ಹಾಗೇ ನಿಲ್ಲಬೇಕು. ಅದು ಬಿತ್ತೋ, ಪಕ್ಕದ ಮರ.

ದೋಟಿ ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರಿಗೆ ಚಿಕಿತ್ಸೆ ಮಾಡಿದ್ದೇನೆ. ನೆಲದ ಮೇಲೆ ನಿಂತು ಕೊಯ್ಯುವ ಹಾಗಾದದ್ದು ತುಂಬ ದೊಡ್ಡ ವಿಷಯ. ಆದರೆ ಮೊದಲು ಕಾಲು, ತೊಡೆ, ಮುಂಗೈಗೆ ಹಂಚಿ ಹೋಗುತ್ತಿದ್ದ ಶ್ರಮ ಈಗ ಕುತ್ತಿಗೆ ಮತ್ತು ಹೆಗಲಿಗೆ ಬಂದು ಕೂತಿದೆ. ಇಪ್ಪತ್ತು ವರ್ಷ ಮರ ಹತ್ತಿ ಗಟ್ಟಿಯಾದ ಮೈ ಕೂಡ ಈ ಹೊಸ ಕೆಲಸಕ್ಕೆ ತಾನಾಗಿಯೇ ಒಗ್ಗುವುದಿಲ್ಲ.

ಕಪ್ ಇಡುವುದಕ್ಕಿಂತ ಮೊದಲು

ಕುತ್ತಿಗೆ ನೋವು ಅಂತ ಬಂದವರಿಗೆಲ್ಲ ಕಪ್ ಇಟ್ಟು ಕಳಿಸಿದರೆ ಒಂದು ದಿನ ಅನಾಹುತ ಆಗುತ್ತದೆ. ನೋವು ಕೈಗೆ ಇಳಿಯುತ್ತದೆಯಾ, ಬೆರಳು ಜೋಮು ಹಿಡಿಯುತ್ತದೆಯಾ, ಹಿಡಿದ ಲೋಟ ಜಾರುತ್ತದೆಯಾ, ನಡೆಯುವಾಗ ಕಾಲು ತಪ್ಪುತ್ತದೆಯಾ ಅಂತ ಕೇಳಿದೆ. ಯಾವುದೂ ಇರಲಿಲ್ಲ. ಜ್ವರ ಇಲ್ಲ, ತೂಕ ಇಳಿದಿಲ್ಲ, ಬಿದ್ದು ಪೆಟ್ಟಾಗಿಲ್ಲ. ಎರಡೂ ಕೈಯ ಹಿಡಿತ ಸಮ ಇತ್ತು. ತಲೆಯನ್ನು ನೋವಿನ ಕಡೆ ಬಾಗಿಸಿ ಮೇಲಿನಿಂದ ಮೆಲ್ಲಗೆ ಒತ್ತಿ ನೋಡಿದಾಗ ಕೈಗೆ ನೋವು ಹರಿಯಲಿಲ್ಲ. ಅಂದರೆ ನರ ಸಿಕ್ಕಿಕೊಂಡ ಲಕ್ಷಣ ಇಲ್ಲ. ಹೆಗಲಿನ ಕೀಲು ಕೂಡ ಚೆನ್ನಾಗಿತ್ತು, ಕೈ ಪೂರ್ತಿ ಮೇಲೆ ಹೋಗುತ್ತಿತ್ತು.

ತೊಂದರೆ ಇದ್ದದ್ದು ಸ್ನಾಯುವಿನಲ್ಲಿ. ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ಟ್ರಪೀಜಿಯಸ್‌ನ ಮೇಲ್ಭಾಗ ಬಲಗಡೆ ಹಗ್ಗದ ಹಾಗೆ ಬಿಗಿದಿತ್ತು. ಬೆರಳಿನಲ್ಲಿ ಒತ್ತಿದರೆ "ಅದೇ, ಅದೇ ಜಾಗ" ಅಂದರು. ಕತ್ತು ಎಡಕ್ಕೆ ಹೆಚ್ಚುಕಡಿಮೆ ಪೂರ್ತಿ ತಿರುಗುತ್ತಿತ್ತು, ಬಲಕ್ಕೆ 50 ಡಿಗ್ರಿಗೆ ನಿಂತುಬಿಡುತ್ತಿತ್ತು. ಹತ್ತರಲ್ಲಿ ನೋವು ಎಷ್ಟು ಅಂದರೆ ಏಳು ಅಂದರು. ಇದಕ್ಕಿಂತ ನನ್ನ ಗಮನ ಸೆಳೆದದ್ದು ಬೆನ್ನಿನ ಮಧ್ಯಭಾಗ. ಅದು ಹಿಂದಕ್ಕೆ ಬಾಗುವುದೇ ಇಲ್ಲ. ಹಾಗಾಗಿ ಮೇಲೆ ನೋಡುವ ಅಷ್ಟೂ ಕೆಲಸವನ್ನು ಕುತ್ತಿಗೆ ಒಂದೇ ಮಾಡಬೇಕು. ಭುಜದ ಹಲಗೆಯನ್ನು ಕೆಳಕ್ಕೆ ಹಿಡಿಯುವ ಸ್ನಾಯುಗಳು ಸೋತಿದ್ದವು. ಬೋರಲು ಮಲಗಿಸಿ ಕೈ ಎತ್ತಿ ಹಿಡಿಯಲು ಹೇಳಿದರೆ ಬಲಗೈ ಬೇಗ ನಡುಗಿ ಇಳಿಯಿತು.

ಇನ್ನು ಕಪ್ಪಿಂಗ್‌ಗೆ ಬೇರೆ ಪ್ರಶ್ನೆಗಳು. ರಕ್ತ ತೆಳುವಾಗುವ ಮಾತ್ರೆ ಇದೆಯಾ? ಗಾಯವಾದರೆ ರಕ್ತ ಬೇಗ ನಿಲ್ಲುತ್ತದಾ? ಸಕ್ಕರೆ ಕಾಯಿಲೆ ಇದೆಯಾ? ಬೆನ್ನಿನ ಚರ್ಮದಲ್ಲಿ ಕಜ್ಜಿ, ಸೋರಿಯಾಸಿಸ್, ಹುಣ್ಣು ಇದೆಯಾ? ಸೋರಿಯಾಸಿಸ್ ಇದ್ದವರಿಗೆ ಚರ್ಮಕ್ಕೆ ಪೆಟ್ಟಾದ ಜಾಗದಲ್ಲೇ ಹೊಸ ಕಲೆ ಏಳಬಹುದು, ಅದಕ್ಕೇ ಕೇಳುವುದು. ಹೆಂಗಸರಾದರೆ ಬಸುರಿಯಾ ಅಂತಲೂ ಕೇಳಬೇಕು, ಹೊಟ್ಟೆ ಸೊಂಟದ ಮೇಲೆ ಇಡುವ ಹಾಗಿಲ್ಲ. ಗೌಡರಿಗೆ ಸಕ್ಕರೆ ಪರೀಕ್ಷೆ ಯಾವತ್ತೂ ಆಗಿರಲಿಲ್ಲ. ಮಾಡಿಸಿದೆವು, ಸರಿ ಇತ್ತು. ಡೈಕ್ಲೋಫೆನಾಕ್ ಕೂಡ ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ಸಡಿಲ ಮಾಡುತ್ತದೆ, ಹಾಗಾಗಿ ಅದು ನಿಂತು ಕೆಲವು ದಿನ ಆದಮೇಲೇ ಕಪ್ ಕೈಗೆತ್ತಿಕೊಂಡೆ. ದೊಡ್ಡ ತೋಟದ ಕೆಲಸವನ್ನು ಅವರ ತಮ್ಮ ನೋಡಿಕೊಂಡ.

ಈ ಮಧ್ಯೆ ಅವರ ಭಾವನೂ ಒಮ್ಮೆ ಜೊತೆಗೆ ಬಂದಿದ್ದರು. "ನಂಗೂ ಎರಡು ಹಾಕಿ, ಸೊಂಟ ನೋಯ್ತದೆ" ಅಂದರು. ಅಂಗಿ ಜೇಬಿನಲ್ಲಿದ್ದ ಮಾತ್ರೆ ಹಾಳೆ ತೆಗೆಸಿ ನೋಡಿದರೆ ಕ್ಲೊಪಿಡೊಗ್ರೆಲ್, ರಕ್ತ ತೆಳುವಾಗುವ ಮಾತ್ರೆ. ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಅಂಥವರಿಗೆ ಕಪ್ಪಿನ ಎಳೆತಕ್ಕೆ ಚರ್ಮದಡಿ ದೊಡ್ಡದಾಗಿ ರಕ್ತ ಕಟ್ಟಬಹುದು. ಕಪ್ಪಿಗೋಸ್ಕರ ಆ ಮಾತ್ರೆ ಬಿಟ್ಟರಂತೂ ಜೀವಕ್ಕೇ ಕುತ್ತು. ಹಾಕುವುದಿಲ್ಲ ಅಂದೆ, ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ ಅಂತ ಎರಡು ಸಲ ಹೇಳಿ ಕಳಿಸಿದೆ. ಸೊಂಟಕ್ಕೆ ವ್ಯಾಯಾಮ ಕೊಟ್ಟೆ. ಅವರಿಗೆ ಅಷ್ಟು ಖುಷಿಯಾಗಲಿಲ್ಲ, ಆದರೆ ಕೇಳಿದರು.

ಕಪ್ ಇಟ್ಟ ದಿನ

ಬೋರಲು ಮಲಗಿಸಿ, ಬೆನ್ನಿಗೆ ತೆಳುವಾಗಿ ತೆಂಗಿನೆಣ್ಣೆ ಸವರಿದೆ. ನಾನು ಬಳಸುವುದು ಬೆಂಕಿ ಇಲ್ಲದ ಕಪ್. ಪಾರದರ್ಶಕ ಪ್ಲಾಸ್ಟಿಕ್, ತಲೆಯಲ್ಲಿ ಸಣ್ಣ ವಾಲ್ವು, ಅದಕ್ಕೆ ಕೈ ಪಂಪು ಸಿಕ್ಕಿಸಿ ಗಾಳಿ ಎಳೆಯುವುದು. ಬಲ ಹೆಗಲಿನ ದಪ್ಪ ಭಾಗದಲ್ಲಿ ಒಂದು, ಭುಜದ ಹಲಗೆಯ ಒಳ ಅಂಚಿಗೆ ಎರಡು, ಎಡಗಡೆ ಒಂದು. ಮೂಳೆಯ ಮೇಲೆ ಕೂರಿಸಬಾರದು, ಕುತ್ತಿಗೆಯ ಮುಂಭಾಗ ಮತ್ತು ಪಕ್ಕದ ರಕ್ತನಾಳದ ಹತ್ತಿರವಂತೂ ಸುಳಿಯಲೇಬಾರದು. ಎರಡು ಎಳೆತಕ್ಕೆ ಚರ್ಮ ಕಪ್ಪಿನೊಳಗೆ ಉಬ್ಬಿ ಗುಮ್ಮಟದ ಹಾಗೆ ಎದ್ದಿತು. ಮೊದಲು ತಿಳಿಗೆಂಪು, ಆಮೇಲೆ ಹೆಗಲಿನ ಕಪ್ಪಿನಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕೆ. "ಎಳೀತದೆ, ಆದ್ರೆ ನೋಯೂದಿಲ್ಲ" ಅಂದರು. ಎಳೆತ ಹೀಗೇ ಇರಬೇಕು. ಹಲ್ಲು ಕಚ್ಚಿ ತಡೆದುಕೊಳ್ಳುವ ಹಾಗಿದ್ದರೆ ಗಾಳಿ ಬಿಟ್ಟು ಸಡಿಲ ಮಾಡಬೇಕು. ಜೋರಾಗಿ ಎಳೆದಷ್ಟೂ ಒಳ್ಳೆಯದು ಅನ್ನುವುದು ಸುಳ್ಳು. ಹೆಚ್ಚು ಹೊತ್ತು ಬಿಟ್ಟರೆ ನೀರುಗುಳ್ಳೆ ಏಳುತ್ತದೆ.

ಐದು ನಿಮಿಷಕ್ಕೆ ತೆಗೆದೆ. ಆಮೇಲೆ ಒಂದೇ ಕಪ್ಪನ್ನು ಸಡಿಲವಾಗಿ ಹಿಡಿಸಿ, ಎಣ್ಣೆಯ ಮೇಲೆ ಭುಜದ ಹಲಗೆಯ ಅಂಚಿನುದ್ದಕ್ಕೂ ಮೆಲ್ಲಗೆ ಜಾರಿಸಿದೆ. ಮಾಲೀಸಿನಲ್ಲಿ ಕೈ ಕೆಳಗೆ ಒತ್ತುತ್ತದೆ, ಇಲ್ಲಿ ಚರ್ಮ ಮತ್ತು ಅದರಡಿಯ ಪದರ ಮೇಲಕ್ಕೆ ಏಳುತ್ತದೆ. ಎದ್ದು ಕೂತು ಕತ್ತು ತಿರುಗಿಸಿದಾಗ ಬಲಕ್ಕೆ 65 ಡಿಗ್ರಿ ಹೋಯಿತು. ನೋವು ಏಳರಿಂದ ನಾಲ್ಕಕ್ಕೆ ಇಳಿದಿತ್ತು. ಮುಖದಲ್ಲೇ ಕಾಣುತ್ತಿತ್ತು.

ಅವತ್ತೇ ಎರಡು ವ್ಯಾಯಾಮ ಕಲಿಸಿದೆ. ಎರಡು ದಿನ ದೋಟಿ ಮುಟ್ಟಬೇಡಿ ಅಂದೆ.

ಮಾರನೇ ದಿನವೇ ಮುಟ್ಟಿದರು. ಅವರನ್ನು ಬೈಯುವ ಮನಸ್ಸು ನನಗಿಲ್ಲ. ಕೊಯ್ಲಿನ ದಿನಗಳಲ್ಲಿ ಒಂದು ದಿನದ ಕೂಲಿ ಅಂದರೆ ಸಣ್ಣ ಮಾತಲ್ಲ, ತೋಟದವರಿಂದ ಫೋನ್ ಮೇಲೆ ಫೋನ್. ಅಡಿಕೆ ಹಣ್ಣಾಗಿ ಉದುರುವುದಕ್ಕೆ ಕುತ್ತಿಗೆ ನೋವು ಗೊತ್ತಿಲ್ಲ. ಮೈ ಹಗುರಾಗಿದೆ, ನೋವಿಲ್ಲ, ಹೋಗಿಬಿಡೋಣ ಅಂತ ಇಡೀ ದಿನ ಕೊಯ್ದರು. ಸಂಜೆಗೆ ನೋವು ಮೊದಲಿನಷ್ಟೇ ಆಗಿತ್ತು. "ಕಪ್ಪಿನ ಪವರ್ ಒಂದೇ ದಿನಕ್ಕೆ ಮುಗೀತಾ ಡಾಕ್ಟ್ರೆ? ಇನ್ನೂ ಜಾಸ್ತಿ ಹಾಕಬೇಕಿತ್ತೇನೋ" ಅಂದರು.

ಈ ಪ್ರಶ್ನೆಯಲ್ಲೇ ಇಡೀ ಪ್ರಕರಣ ಇದೆ. ಕಪ್ ಕೊಟ್ಟದ್ದು ಕೆಲವು ಗಂಟೆಗಳ ಆರಾಮ. ನೋವು ಕಡಿಮೆಯಾಯಿತು, ಕತ್ತು ಸಡಿಲಾಯಿತು, ಅದು ನಿಜ. ಆದರೆ ಬೆನ್ನು ಹಿಂದಕ್ಕೆ ಬಾಗಲು ಕಲಿಯಲಿಲ್ಲ, ಸೋತ ಸ್ನಾಯುವಿಗೆ ಬಲ ಬರಲಿಲ್ಲ, ದೋಟಿಯ ಭಾರ ಇಳಿಯಲಿಲ್ಲ. ನೋವಿಲ್ಲದ ಆ ಹೊತ್ತಿನಲ್ಲಿ ಏನು ಮಾಡುತ್ತೇವೆ ಅನ್ನುವುದರ ಮೇಲೆ ಮುಂದಿನದು ನಿಂತಿದೆ. ವ್ಯಾಯಾಮ ಮಾಡಿದರೆ ಲಾಭ. ನೋವಿಲ್ಲ ಅಂತ ದುಪ್ಪಟ್ಟು ದುಡಿದರೆ ನಷ್ಟ.

ಕಪ್ಪು ವೃತ್ತ, ಕೆಟ್ಟ ರಕ್ತ

ಮುಂದಿನ ಸಲ ಅವರ ಅಮ್ಮನೂ ಬಂದರು. ಮಗನ ಬೆನ್ನಿನಲ್ಲಿ ನೇರಳೆ ಬಣ್ಣದ ವೃತ್ತ ನೋಡಿ ಗಾಬರಿಯಾಗಿದ್ದರು. ಹೆಗಲಿನದು ಜಾಸ್ತಿ ಕಪ್ಪು, ಉಳಿದವು ತಿಳಿ. "ಕೆಟ್ಟ ರಕ್ತ ಅಲ್ಲೇ ನಿಂತಿತ್ತು, ಅಲ್ವಾ ತಂಗಿ?" ಅಂತ ಕೇಳಿದರು.

ಅಲ್ಲ. ಎಳೆತಕ್ಕೆ ಚರ್ಮದಡಿಯ ಕೂದಲೆಳೆಯಂಥ ರಕ್ತನಾಳಗಳು ಒಡೆಯುತ್ತವೆ, ರಕ್ತ ಅಲ್ಲೇ ಹರಡುತ್ತದೆ. ಕಾಲು ಮಂಚಕ್ಕೆ ತಾಗಿ ಕಂದಿದ ಜಾಗವೂ ಇದೇ. ಬಣ್ಣ ಎಷ್ಟು ಗಾಢ ಅನ್ನುವುದು ಎಳೆತ ಎಷ್ಟು ಜೋರು, ಎಷ್ಟು ಹೊತ್ತು ಇಟ್ಟಿದ್ದು, ಚರ್ಮ ಎಂಥದ್ದು ಅನ್ನುವುದನ್ನು ಅವಲಂಬಿಸಿದೆ. ಅದರಿಂದ ರೋಗ ಓದಲು ಆಗುವುದಿಲ್ಲ. ಕೆಲವು ದಿನದಿಂದ ಎರಡು ವಾರದೊಳಗೆ ಮಾಯುತ್ತದೆ. ಮೈಯ ಕಲ್ಮಶ ಹೊರಹಾಕಲು ಯಕೃತ್ತು, ಮೂತ್ರಪಿಂಡ ಹಗಲು ರಾತ್ರಿ ದುಡಿಯುತ್ತವೆ. ಕಪ್ ಆ ಕೆಲಸ ಮಾಡುವುದಿಲ್ಲ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಯಾಕೆಂದರೆ ಕಪ್ಪು ವೃತ್ತ ತೋರಿಸಿ "ನೋಡಿ ಎಷ್ಟು ವಿಷ ಇತ್ತು, ಇನ್ನೂ ಹತ್ತು ಸಲ ಬರಬೇಕು" ಅಂತ ದುಡ್ಡು ಮಾಡುವುದು ಬಹಳ ಸುಲಭ.

ಅಮ್ಮನಿಗೆ ಕಪ್ ನೋಡಿ, ಹೊಕ್ಕುಳ ಜಾರಿ ಹೊಟ್ಟೆ ನೋಯುತ್ತದೆ (ಬಟ್ಟಿ ಬೀಳುವುದು) ಅಂತ ಮಾಡುತ್ತಿದ್ದ ಹಳೇ ಉಪಚಾರ ನೆನಪಾಯಿತು. "ಬಟ್ಟಿ ಬಿದ್ದಾಗ ಹೊಟ್ಟೆ ಮೇಲೆ ದೀಪ ಇಟ್ಟು ಚೊಂಬು ಕವುಚ್ತಿದ್ರು. ಇದೂ ಹಾಗೇ ಅಲ್ವಾ?" ಹೌದು, ತತ್ವ ಅದೇ. ದೀಪದ ಬಿಸಿಗೆ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಗುತ್ತದೆ, ಚೊಂಬು ಕವುಚಿದ ಮೇಲೆ ದೀಪ ಆರಿ ಒಳಗಿನ ಗಾಳಿ ತಣಿದು ಒತ್ತಡ ಇಳಿಯುತ್ತದೆ, ಚರ್ಮ ಒಳಕ್ಕೆ ಎಳೆದುಕೊಳ್ಳುತ್ತದೆ. ಚೀನಾದಲ್ಲಿ ಬಿದಿರು ಮತ್ತು ಗಾಜಿನಲ್ಲಿ ಮಾಡಿದ್ದೂ ಇದನ್ನೇ. ಸುಶ್ರುತ ಸಂಹಿತೆಯಲ್ಲಿ ರಕ್ತ ತೆಗೆಯಲು ಕೊಂಬು, ಸೋರೆ ಬುರುಡೆ ಮತ್ತು ಜಿಗಣೆ ಹೇಳಿದೆ. ಈಜಿಪ್ಟಿನ ಕ್ರಿಸ್ತಪೂರ್ವ 1550ರ ಸುಮಾರಿನ ವೈದ್ಯಕೀಯ ಸುರುಳಿಯಲ್ಲೂ ಕಪ್ಪಿಂಗ್ ಇದೆ ಅನ್ನುತ್ತಾರೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಹೆಗಲ ಮೇಲೆ ಈ ವೃತ್ತಗಳು ಕಂಡ ಮೇಲೆ ಜಿಮ್ಮುಗಳಿಗೂ ಬಂತು. ಹಳೆಯದು ಅನ್ನುವುದು ಗೌರವಕ್ಕೆ ಕಾರಣ ಆಗಬಹುದು, ಪುರಾವೆ ಆಗುವುದಿಲ್ಲ. ಬೆಂಕಿಯ ಕಪ್ಪಿನಿಂದ ಸುಟ್ಟಗಾಯ ಆಗುತ್ತದೆ, ಮನೆಯಲ್ಲಿ ದಯವಿಟ್ಟು ಪ್ರಯತ್ನ ಮಾಡಬೇಡಿ.

ಗೌಡರು ಹಿಜಾಮಾ ಬಗ್ಗೆಯೂ ಕೇಳಿದರು. ಅದು ಚರ್ಮಕ್ಕೆ ಸಣ್ಣ ಗೀರು ಹಾಕಿ ಕಪ್ಪಿನಿಂದ ರಕ್ತ ಎಳೆಯುವ ಪದ್ಧತಿ. ಅದು ಯುನಾನಿ ವೈದ್ಯರ ವಿದ್ಯೆ, ನನ್ನದಲ್ಲ. ಮಾಡಿಸಿಕೊಳ್ಳಲೇಬೇಕು ಅಂತಿದ್ದರೆ ನೋಂದಾಯಿತ ವೈದ್ಯರ ಹತ್ತಿರ, ಹೊಸ ಬ್ಲೇಡ್, ಹೊಸ ಕಪ್ಪಿನ ಪೊಟ್ಟಣ ಕಣ್ಣೆದುರೇ ಒಡೆಸಿ ಮಾಡಿಸಿಕೊಳ್ಳಬೇಕು. ಒಬ್ಬರ ರಕ್ತ ತಾಗಿದ ಸಲಕರಣೆ ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಸಿ ಹರಡುತ್ತದೆ. ಇವರ ನೋವಿಗೆ ಅದರ ಅಗತ್ಯ ನನಗೆ ಕಾಣಲಿಲ್ಲ.

ಹಾಗಾದರೆ ಕಪ್ ಹೇಗೆ ಕೆಲಸ ಮಾಡುತ್ತದೆ? ಆ ಜಾಗಕ್ಕೆ ರಕ್ತ ಹರಿಯುವುದು ಹೆಚ್ಚುತ್ತದೆ. ಚರ್ಮದ ಎಳೆತದ ಸುದ್ದಿ ನರಗಳ ಮೂಲಕ ಹೋಗಿ ನೋವಿನ ಸುದ್ದಿಯನ್ನು ಸ್ವಲ್ಪ ಹೊತ್ತು ತಗ್ಗಿಸುತ್ತದೆ ಅನ್ನುವುದು ಇನ್ನೊಂದು ವಿವರಣೆ. ಬಿಗಿದ ಜಾಗಕ್ಕೆ ಯಾರೋ ಗಮನ ಕೊಟ್ಟು ಆರೈಕೆ ಮಾಡಿದ್ದಕ್ಕೇ ಮೈ ಸಡಿಲಾಗುವುದೂ ಇದೆ. ಕುತ್ತಿಗೆ ಮತ್ತು ಸೊಂಟದ ಹಳೇ ನೋವಿಗೆ ಅಲ್ಪಕಾಲದ ಉಪಶಮನ ಸಿಗುತ್ತದೆ ಅಂತ ಹಲವು ಅಧ್ಯಯನಗಳು ಹೇಳಿವೆ, ಆದರೆ ಬಹುಪಾಲು ಸಣ್ಣವು, ದುರ್ಬಲವಾದವು. ಇಲ್ಲಿ ಒಂದು ಸಹಜ ತೊಡಕಿದೆ: ಬೆನ್ನಿಗೆ ಕಪ್ ಇಟ್ಟದ್ದು ರೋಗಿಗೆ ಗೊತ್ತಾಗದ ಹಾಗೆ ಮಾಡುವುದು ಹೇಗೆ? 2016ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಪ್ರಯೋಗದಲ್ಲಿ ಮೈತುಂಬ ನೋವಿರುವ ಫೈಬ್ರೊಮಯಾಲ್ಜಿಯಾ ರೋಗಿಗಳಲ್ಲಿ ಕೆಲವರಿಗೆ ಸಣ್ಣ ತೂತಿರುವ, ಎಳೆತ ನಿಲ್ಲದ ಕಪ್ ಇಟ್ಟು ನೋಡಿದರು. ನಿಜವಾದ ಕಪ್ಪಿಗೂ ತೂತಿನ ಕಪ್ಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಗೌಡರ ನೋವು ಬೇರೆ ಬಗೆಯದು, ಅದನ್ನು ಹಾಗೇ ಇಲ್ಲಿಗೆ ಅನ್ವಯಿಸಲಾಗದು. ಆದರೂ ಕಪ್ಪಿಗೆ ದೊಡ್ಡ ದೊಡ್ಡ ಬಿರುದು ಕೊಡುವವರು ಇದನ್ನು ತಿಳಿದಿರಬೇಕು. ಆಟಗಾರರಲ್ಲಿ ಸ್ನಾಯು ಬೇಗ ಚೇತರಿಸುತ್ತದೆ ಅನ್ನುವುದಕ್ಕೂ ಗಟ್ಟಿ ಆಧಾರ ಇನ್ನೂ ಇಲ್ಲ. ಆರೋಗ್ಯವಾಗಿರುವವರು ಸುಮ್ನೆ ಹಿತಕ್ಕೆ ಅಂತ ಮಾಡಿಸಿಕೊಂಡರೆ ನನ್ನ ಅಡ್ಡಿ ಇಲ್ಲ. ಸಕ್ಕರೆ, ಬಿಪಿ ಮಾತ್ರೆ ಬಿಟ್ಟು ಇದನ್ನು ಹಿಡಿದರೆ ಮಾತ್ರ ಸುಮ್ಮನಿರಲಾರೆ.

ಆಮೇಲೆ ಮಾಡಿದ್ದು

ತೋಟಕ್ಕೇ ಹೋದೆ. ಚಿಕಿತ್ಸೆಯ ಕೋಣೆಯಲ್ಲಿ ಕಾಣದ್ದು ಅಲ್ಲಿ ಕಂಡಿತು. ಗೌಡರು ಮರದ ಬುಡಕ್ಕೇ ಅಂಟಿ ನಿಲ್ಲುತ್ತಿದ್ದರು, ಹಾಗಾಗಿ ಕತ್ತು ಪೂರ್ತಿ ಹಿಂದಕ್ಕೆ ಮುರಿದ ಹಾಗೆ. ಎರಡು ಹೆಜ್ಜೆ ಹಿಂದೆ, ಒಂದು ಕಾಲು ಮುಂದಿಟ್ಟು ನಿಂತರೆ ನೋಟದ ಕೋನ ಸಡಿಲಾಗುತ್ತದೆ. ಬಲಗೈ ಯಾವತ್ತೂ ಮೇಲೆ, ಎಡಗೈ ಕೆಳಗೆ. ಕೈ ಅದಲುಬದಲು ಮಾಡಲು ಹೇಳಿದೆ, ಮೊದಲು ಬಹಳ ಒದ್ದಾಡಿದರು. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅವರ ತಂಡದವರೇ ಮಾಡಿದ ಏರ್ಪಾಡು: ಒಂದು ಸಾಲು ಮುಗಿದ ಮೇಲೆ ದೋಟಿ ಹಿಡಿದವರು ಕೆಳಗೆ ಕೊನೆ ಹಿಡಿಯಲು, ಕೊನೆ ಹಿಡಿದವರು ದೋಟಿಗೆ. ನಾನು ಹೇಳಿದ್ದರೆ ಇಷ್ಟು ಸರಾಗವಾಗಿ ಒಪ್ಪುತ್ತಿರಲಿಲ್ಲವೇನೋ, ತಮ್ಮನೇ ಮುಂದೆ ಬಂದು ಹೇಳಿದ.

ವ್ಯಾಯಾಮ ಹೀಗಿತ್ತು. ಕಂಬಳಿ ಸುತ್ತಿ ಬೆನ್ನಿನ ಮಧ್ಯಕ್ಕೆ ಅಡ್ಡ ಇಟ್ಟುಕೊಂಡು ಅಂಗಾತ ಮಲಗಿ, ಬೆನ್ನು ಹಿಂದಕ್ಕೆ ಬಾಗುವ ಹಾಗೆ ಮಾಡುವುದು. ಕಂಬಕ್ಕೆ ರಬ್ಬರ್ ಪಟ್ಟಿ ಕಟ್ಟಿ ಮೊಣಕೈ ಹಿಂದಕ್ಕೆ ಎಳೆದು ಭುಜದ ಹಲಗೆಗಳನ್ನು ಹತ್ತಿರ ತರುವುದು. ಗೋಡೆಗೆ ಬೆನ್ನು ಕೊಟ್ಟು ಗದ್ದ ಒಳಕ್ಕೆ ಎಳೆದು ಹಿಡಿಯುವುದು. ಕಪ್ ವಾರಕ್ಕೊಮ್ಮೆ ಮಾತ್ರ, ಅದೂ ಹಳೆಯ ಗುರುತು ಮಾಸಿದ ಜಾಗದಲ್ಲಿ. ಕಪ್ ತೆಗೆದ ಕೂಡಲೇ ಅಲ್ಲೇ ವ್ಯಾಯಾಮ, ಎದ್ದು ಮನೆಗೆ ಹೋಗುವ ಹಾಗಿಲ್ಲ. ನೋವು ಕಡಿಮೆ ಇರುವ ಆ ಹೊತ್ತನ್ನು ಬಿಡಬಾರದು ಅಂತ ಈ ಕ್ರಮ.

ಮೂರನೇ ವಾರಕ್ಕೆ ಬೆಳಗಿನ ಬಿಗಿತ ಹೋಯಿತು. ಜನವರಿ ಕೊನೆಗೆ ಕತ್ತು ಎರಡೂ ಕಡೆ ಸಮ ತಿರುಗಿತು, ಇಡೀ ದಿನ ಕೊಯ್ದ ಸಂಜೆಯ ನೋವು ಎರಡಕ್ಕೆ ಇಳಿದಿತ್ತು. ಅಲ್ಲಿಂದ ಕಪ್ ನಿಲ್ಲಿಸಿದೆವು, ನೋವು ಮರಳಲಿಲ್ಲ. ಕಪ್ ಇಲ್ಲದೆಯೂ ಇಷ್ಟೇ ಗುಣ ಆಗುತ್ತಿತ್ತೇ? ಆಗುತ್ತಿತ್ತು, ಸ್ವಲ್ಪ ನಿಧಾನವಾಗಿ ಅಂತ ನನ್ನ ಅಂದಾಜು. ಆದರೆ ಮೊದಲ ದಿನ ಆ ಹಗುರ ಸಿಗದಿದ್ದರೆ ಗೌಡರು ಕಂಬಳಿ ಸುತ್ತಿ ಮಲಗುವ ತಾಳ್ಮೆ ತೋರುತ್ತಿರಲಿಲ್ಲ. ಕಪ್ಪಿಗೆ ನಾನು ಕೊಡುವ ಅಂಕ ಅದಕ್ಕೇ.

ಜೂನ್‌ನಿಂದ ಮದ್ದಿನ ಕೆಲಸ ಶುರು. ಆಗ ದೋಟಿಯ ಜೊತೆಗೆ ಮದ್ದು ತುಂಬಿದ ಪೈಪಿನ ಭಾರವೂ ಸೇರುತ್ತದೆ, ಕಾಲಡಿ ನೆಲವೂ ಜಾರುತ್ತದೆ. ಅದಕ್ಕೆ ಹೆಗಲು ತಯಾರಾಗಬೇಕು ಅಂತ ಈಗ ಐದು ಲೀಟರ್ ನೀರಿನ ಕ್ಯಾನನ್ನು ತಲೆಯ ಮೇಲೆ ಎತ್ತಿ ಹಿಡಿಯುವ ಅಭ್ಯಾಸ ಕೊಟ್ಟಿದ್ದೇನೆ, ದಿನ ಬಿಟ್ಟು ದಿನ. ಮೇ ಮಧ್ಯದಲ್ಲಿ ತಮ್ಮನನ್ನೂ ಕರೆದುಕೊಂಡು ಬರುತ್ತಾರೆ. ಅವನಿಗಿನ್ನೂ ನೋವು ಬಂದಿಲ್ಲ, ಅವನ ಬೆನ್ನನ್ನು ಈಗಲೇ ನೋಡಿಡಬೇಕು.